ಬಂಡೆಗೆ ಎಷ್ಟು ಹೆಸರು

ಊರು ಯಾವುದು ಎಂದು ಯಾರಾದರೂ ಕೇಳಿದಾಗ ನಾನು 'ರಾಮನಗರದ ಹತ್ತಿರ' ಅನ್ನುತ್ತೇನೆ. ಮುಕ್ಕಾಲು ಪಾಲು ಜನ ತಕ್ಷಣ 'ಓ, ಶೋಲೆ!' ಎಂದುಬಿಡುತ್ತಾರೆ. ಹೈದರಾಬಾದಿನ ವಿಚಾರ ಸಂಕಿರಣದಲ್ಲೂ ಹೀಗೇ ಆಗಿದೆ, ದೆಹಲಿಯ ಹಾಸ್ಟೆಲ್ ಮೆಸ್ಸಿನಲ್ಲೂ ಆಗಿದೆ. ಮೊದಮೊದಲು ಹೆಮ್ಮೆಯಾಗುತ್ತಿತ್ತು. ಈಗೀಗ ಸ್ವಲ್ಪ ಕಸಿವಿಸಿಯಾಗುತ್ತದೆ. ನಾನು ಹುಟ್ಟುವುದಕ್ಕೆ ಎರಡು ದಶಕಕ್ಕೂ ಮೊದಲು ಬಂದು ಹೋದ ಒಂದು ಹಿಂದಿ ಸಿನಿಮಾ ನನ್ನೂರಿನ ವಿಳಾಸವಾದದ್ದು ಹೇಗೆ?

ಕಳೆದ ಮಳೆಗಾಲದ ಒಂದು ಭಾನುವಾರ ಗೆಳತಿಯೊಂದಿಗೆ ರಾಮದೇವರ ಬೆಟ್ಟ ಹತ್ತುತ್ತಿದ್ದೆ. ಬೆಂಗಳೂರಿನಿಂದ ಬಂದಿದ್ದ ಹುಡುಗರ ಗುಂಪೊಂದು ಮೆಟ್ಟಿಲ ಬಳಿ ಕೂತಿದ್ದ ಹಿರಿಯರೊಬ್ಬರನ್ನು ಕೇಳಿತು: "ತಾತಾ, ಗಬ್ಬರ್ ಕೂತಿದ್ದ ಬಂಡೆ ಯಾವ್ದು?" ಅವರು ಕೈಯನ್ನು ಸುಮ್ಮನೆ ಸುತ್ತಲೂ ಬೀಸಿ, "ಎಲ್ಲಾ ಅವನ್ದೇ ಅನ್ಕೊಳಿ" ಅಂದರು. ಹುಡುಗರು ಮೊಬೈಲಿನಲ್ಲಿ ದೃಶ್ಯ ಹಚ್ಚಿ, ಎದುರಿನ ಬಂಡೆಗೆ ಹಿಡಿದು ಹೋಲಿಸಿ ನೋಡಿದರು. ಯಾವುದೂ ಹೊಂದಲಿಲ್ಲ. ಇಳಿಯುವಾಗ ಒಬ್ಬ ಹೇಳಿದ ಮಾತು ನನ್ನ ಕಿವಿಗೆ ಬಿತ್ತು: "ಇಲ್ಲೇನೂ ಇಲ್ವಲ್ಲೋ."

ಸಿನಿಮಾ ಚಿತ್ರೀಕರಣವಾದ ಜಾಗಗಳನ್ನು ಹುಡುಕಿ ಹೋಗುವವರಿಗೆ ಈ ನಿರಾಸೆ ಹೊಸದಲ್ಲ. ಅದರಲ್ಲೇ ಒಂದು ವಿಮರ್ಶೆಯ ಪಾಠವಿದೆ ಎಂಬುದು ನನ್ನ ವಾದ. ಹುಡುಗರು ಹುಡುಕಿದ ರಾಮ್‌ಗಢ ಅಲ್ಲಿ ಇರಲಿಲ್ಲ, ನಿಜ. ಕಲಾ ನಿರ್ದೇಶಕ ರಾಮ್ ಯೇಡೇಕರ್ ಕಟ್ಟಿದ ಆ ಹಳ್ಳಿ ಒಂದು ಸೆಟ್ಟು. 1973ರಲ್ಲಿ ಚಿತ್ರೀಕರಣ ಶುರುವಾಗಿ, 1975ರ ಆಗಸ್ಟ್ 15ಕ್ಕೆ ಚಿತ್ರ ತೆರೆ ಕಂಡಿತು, ಸೆಟ್ಟು ಕಳಚಿಹೋಯಿತು. ಉಳಿದದ್ದು ಬಂಡೆ. ಆದರೆ ಆ ಬಂಡೆಯ ಮೇಲೆ ನಿಂತು ಸುತ್ತ ನೋಡಿದರೆ, ಚಿತ್ರ ಯಾವುದನ್ನು ತನ್ನ ಚೌಕಟ್ಟಿನಿಂದ ಹೊರಗಿಟ್ಟಿತು ಎಂಬುದು ಕಾಣುತ್ತದೆ. ಥಿಯೇಟರಿನಲ್ಲಿ ಕೂತು ನೂರು ಸಲ ನೋಡಿದರೂ ಅದು ಕಾಣುವುದಿಲ್ಲ.

ಶೋಲೆಯ ಆರಂಭ ನೆನಪಿಸಿಕೊಳ್ಳಿ. ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುತ್ತದೆ, ಅಧಿಕಾರಿಯೊಬ್ಬ ಇಳಿಯುತ್ತಾನೆ. ಅವನೂ ಠಾಕೂರನ ಆಳೂ ಕುದುರೆ ಹತ್ತಿ ಹೊರಡುತ್ತಾರೆ. ಆರ್.ಡಿ. ಬರ್ಮನ್ನರ ಸಂಗೀತದೊಂದಿಗೆ ಹೆಸರುಗಳು ಮೂಡುತ್ತಿದ್ದಂತೆ ಬಯಲು, ಬಂಡೆ, ಹಳ್ಳಿ ದಾಟುತ್ತಾ ಸವಾರಿ ಸಾಗುತ್ತದೆ. ಆ ಕೆಲವು ನಿಮಿಷಗಳ ಕೆಲಸ ಒಂದೇ: ನಮ್ಮನ್ನು ರೈಲು, ಪೊಲೀಸು, ಕೋರ್ಟುಗಳ ಲೋಕದಿಂದ ಬಹುದೂರ ಒಯ್ಯುವುದು. ಕಾನೂನಿಗೆ ನಿಲುಕದಷ್ಟು ದೂರದ ಊರಾದ್ದರಿಂದಲೇ ಠಾಕೂರ್ ಇಬ್ಬರು ಕಳ್ಳರನ್ನು ಕರೆಸಬೇಕಾಗುತ್ತದೆ. ಇಡೀ ಕಥೆ ನಿಂತಿರುವುದು ಈ ದೂರದ ಮೇಲೆ.

ರಾಮದೇವರ ಬೆಟ್ಟ ಇರುವುದಾದರೂ ಎಲ್ಲಿ? ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್, ಮೈಸೂರು ಹೆದ್ದಾರಿಯ ಮಗ್ಗುಲಲ್ಲಿ. ಊರಿಗೆ ರೈಲು ನಿಲ್ದಾಣವಿದೆ, ಸಂತೆಯಿದೆ, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆ ಗೂಡಿನ ಮಾರುಕಟ್ಟೆಯಿದೆ. ಹೆದ್ದಾರಿಯ ಪಕ್ಕದ ಬೆಟ್ಟವನ್ನು ಕ್ಯಾಮೆರಾ ಅಷ್ಟು ದೂರಕ್ಕೆ ಒಯ್ದಿತು. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರ ಕಸುಬಿನ ಬಗ್ಗೆ ಓದಿ ತಿಳಿದಿದ್ದೆ. ಬೆಟ್ಟದ ಮೇಲೆ ನಿಂತು ಹೆದ್ದಾರಿಯ ಲಾರಿ ಸದ್ದು ಕೇಳಿದಾಗ ಅದು ಮನಸ್ಸಿಗೆ ಇಳಿಯಿತು.

ಈ ಬಂಡೆ ನಟಿಸಿದ್ದು ಒಂದೇ ಪಾತ್ರವನ್ನಲ್ಲ. ಶೋಲೆ ಬಂದ ಒಂಬತ್ತು ವರ್ಷಕ್ಕೆ, 1984ರಲ್ಲಿ, ಡೇವಿಡ್ ಲೀನ್‌ನ 'ಎ ಪ್ಯಾಸೇಜ್ ಟು ಇಂಡಿಯಾ' ತೆರೆಗೆ ಬಂತು. ಇ.ಎಂ. ಫಾರ್ಸ್ಟರ್ ತನ್ನ 1924ರ ಕಾದಂಬರಿಯ ಮಾರಾಬಾರ್ ಗುಹೆಗಳನ್ನು ಬಿಹಾರದ ಗಯಾ ಬಳಿಯ ಬರಾಬರ್ ಗುಹೆಗಳ ನೆನಪಿನಿಂದ ಕಟ್ಟಿದ್ದ. ಲೀನ್ ಆ ಬೆಟ್ಟದ ದೃಶ್ಯಗಳಿಗೆ ಆರಿಸಿಕೊಂಡದ್ದು ಸಾವನದುರ್ಗ ಮತ್ತು ರಾಮದೇವರ ಬೆಟ್ಟವನ್ನು. ಗಬ್ಬರನ ಬೂಟು ಸವೆಸಿದ ಬಂಡೆಗಳ ಸೀಮೆಯಲ್ಲೇ ಅಡೆಲಾ ಮತ್ತು ಮಿಸೆಸ್ ಮೂರ್ ಪ್ರತಿಧ್ವನಿಗೆ ಬೆಚ್ಚಿದರು. ಶೋಲೆಯಲ್ಲಿ ಬಂಡೆ ಎಂದರೆ ಅರಾಜಕತೆ, ಕ್ರೌರ್ಯ. ಲೀನ್‌ನಲ್ಲಿ ಅದೇ ಬಂಡೆ ಎಂದರೆ ವಸಾಹತಿನ ಮನಸ್ಸಿಗೆ ದಕ್ಕದ ಒಂದು ಶೂನ್ಯ.

ಸಾಹಿತ್ಯ, ಸಿನಿಮಾ ಓದುವ ನಾವು 'ಇಲ್ಲಿ ಭೂದೃಶ್ಯವೇ ಒಂದು ಪಾತ್ರ' ಎಂದು ಸಲೀಸಾಗಿ ಬರೆಯುತ್ತೇವೆ. ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲೂ ಆ ವಾಕ್ಯವಿತ್ತು. ಒಂದೇ ಕಲ್ಲು ಒಮ್ಮೆ ಡಕಾಯಿತನ ಕೋಟೆ, ಇನ್ನೊಮ್ಮೆ ತತ್ತ್ವದ ಒಗಟು ಆಗುವುದಾದರೆ, ಪಾತ್ರ ಕಲ್ಲಿನದಲ್ಲ. ಕಲ್ಲು ನಟ. ಯಾರು ಯಾವ ವೇಷ ತೊಡಿಸಿದರು, ಯಾಕೆ ತೊಡಿಸಿದರು ಎಂದು ಕೇಳುವುದು ವಿಮರ್ಶೆಯ ಕೆಲಸ. ಆ ವಾಕ್ಯವನ್ನು ಹೊಡೆದುಹಾಕಿದೆ.

ಜಾಗವೊಂದು ತನ್ನದೇ ವೇಷದಲ್ಲಿ ತೆರೆಗೆ ಬಂದಾಗ ಏನಾಗುತ್ತದೆ? ಅದಕ್ಕೆ ಚಿತ್ರದುರ್ಗಕ್ಕೆ ಹೋಗಬೇಕು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ 'ನಾಗರಹಾವು' ಚಿತ್ರದಲ್ಲಿ ದುರ್ಗ ದುರ್ಗವೇ. ಕೋಟೆಯಲ್ಲಿ ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತವರ ಕಣ್ಣಿಗೆ ಕಟ್ಟುವುದು ಹೆಚ್ಚಾಗಿ ಆ ಚಿತ್ರದ ಹಾಡಿನಲ್ಲಿ ಓಬವ್ವನಾದ ಜಯಂತಿಯವರ ಮುಖ. ನನಗೂ ಹಾಗೇ ಆಯಿತು. ಆಮೇಲೆ ಕಿಂಡಿಯನ್ನೇ ನೋಡಿದೆ. ಒಬ್ಬ ಮನುಷ್ಯ ಮೈ ಕುಗ್ಗಿಸಿಕೊಂಡು ನುಸುಳಬೇಕಾದಷ್ಟು ಕಿರಿದು. ಹೈದರಾಲಿಯ ಸೈನಿಕರು ಇಲ್ಲಿ ಒಬ್ಬೊಬ್ಬರಾಗಿ ಮಾತ್ರ ಬರಲು ಸಾಧ್ಯ. ಗಂಡನಿಗೆ ಊಟಕ್ಕಿಟ್ಟು ನೀರಿಗೆ ಬಂದ ಹೆಂಗಸು ಕ್ಷಣದಲ್ಲಿ ಕಂಡುಕೊಂಡದ್ದು ಇದನ್ನೇ. ಹಾಡು ಅವಳ ಆವೇಶವನ್ನು ನನಗೆ ಕೊಟ್ಟಿತ್ತು. ಅವಳ ಬುದ್ಧಿ ಎಂಥದ್ದೆಂದು ತಿಳಿದದ್ದು ಕಿಂಡಿಯನ್ನು ಕಂಡಮೇಲೆ.

ಮೂರನೆಯ ಬಗೆ ಇನ್ನೂ ವಿಚಿತ್ರ. ಆರ್.ಕೆ. ನಾರಾಯಣ್ 1935ರ ಮೊದಲ ಕಾದಂಬರಿಯಿಂದಲೇ ಬರೆಯುತ್ತಾ ಬಂದ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ. ಶಂಕರ್ ನಾಗ್ ಎಂಬತ್ತರ ದಶಕದಲ್ಲಿ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಮಾಡುವಾಗ ಅದಕ್ಕೆ ಆಗುಂಬೆಯ ಬೀದಿ, ಮನೆಗಳನ್ನೂ ಅರಸಾಳು ರೈಲು ನಿಲ್ದಾಣವನ್ನೂ ಕೊಟ್ಟರು. 2020ರಲ್ಲಿ ಅರಸಾಳಿನ ಹಳೆಯ ನಿಲ್ದಾಣ ಮಾಲ್ಗುಡಿ ಮ್ಯೂಸಿಯಂ ಆಯಿತು. ಇಲ್ಲದ ಊರಿಗೆ ಪ್ಲಾಟ್‌ಫಾರ್ಮು ಸಿಕ್ಕಿತು. ಅಲ್ಲಿ ಹೋದವರಿಗೆ ಬೇಸರವಾಗುವುದಿಲ್ಲ, ಯಾಕೆಂದರೆ ನೋಡಲು ಏನಾದರೂ ಇದೆ. ನನಗೆ ಮಾತ್ರ ಒಂದು ಅಳುಕು. ಮಾಲ್ಗುಡಿಗೆ ವಿಳಾಸವಿಲ್ಲದ್ದರಿಂದಲೇ ಪ್ರತಿ ಓದುಗರೂ ಅದನ್ನು ತಮ್ಮ ಬಾಲ್ಯದ ಬೀದಿಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ಅರಸಾಳು ಅದನ್ನು ಒಂದೆಡೆ ನಿಲ್ಲಿಸಿತು. ಅರಸಾಳಿಗೆ ತನ್ನದೇ ಆದ ಕಥೆಗಳಿದ್ದರೆ ಅವು ಇನ್ನು ಈ ಫಲಕದ ಹಿಂದೆಯೇ ನಿಲ್ಲಬೇಕು.

ಅಂಥ ಮರೆಗೆ ಸರಿದ ಒಂದು ಕಥೆ ನಮ್ಮ ಮನೆಯಲ್ಲೂ ಇದೆ. ಶೋಲೆ ಶೂಟಿಂಗ್ ನೋಡಲು ಸುತ್ತಲ ಹಳ್ಳಿಗಳಿಂದ ಜನ ಹೋಗುತ್ತಿದ್ದರಂತೆ. "ಅಜ್ಜೀ, ನೀನ್ಯಾಕೆ ಹೋಗಲಿಲ್ಲ?" ಎಂದು ಕೇಳಿದ್ದೆ. "ಹುಳ ಹಣ್ಣಾಗಿತ್ತು ಕಣವ್ವ. ಚಂದ್ರಿಕೆಗೆ ಬಿಡದೆ ಬಿಟ್ಟೋಗಕ್ಕಾಯ್ತದಾ?" ಅಂದಳು. ರೇಷ್ಮೆ ಹುಳು ಹಣ್ಣಾದ ದಿನ ಅಮಿತಾಭ್ ಬಚ್ಚನ್ ಬಂದರೂ ಕಾಯಬೇಕು. ರಾಮ್‌ಗಢದಲ್ಲಿ ಹಿಪ್ಪುನೇರಳೆ ತೋಟವಿಲ್ಲ, ಚಂದ್ರಿಕೆಯಿಲ್ಲ, ಕನ್ನಡವಿಲ್ಲ. ಚಿತ್ರಕ್ಕೆ ಅವು ಬೇಕಿರಲಿಲ್ಲ, ಅದನ್ನು ತಪ್ಪೆನ್ನಲಾರೆ. ನಟನ ಮನೆಗೆ ಹೋಗಿ ಪಾತ್ರವನ್ನೇ ಹುಡುಕುವ ನಾವು, ನಟನನ್ನು ಮಾತಾಡಿಸದೆ ವಾಪಸಾಗುತ್ತೇವಲ್ಲ, ತಪ್ಪು ಅಲ್ಲಿದೆ.

ಇದು ಬರೀ ರಸಿಕತೆಯ ಪ್ರಶ್ನೆಯಲ್ಲ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ವನ್ಯಧಾಮ. ಉದ್ದ ಕೊಕ್ಕಿನ ರಣಹದ್ದು ಇಲ್ಲಿನ ಕಡಿದಾದ ಬಂಡೆಗಳ ಮೇಲೆ ಗೂಡು ಕಟ್ಟುತ್ತದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ದೇಶದೆಲ್ಲೆಡೆ ಈ ಹಕ್ಕಿಗಳು ಸತ್ತವು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆ ನಿಷೇಧವಾಯಿತು. ಉಳಿದ ಹಕ್ಕಿಗೆ ಬೇಕಾದದ್ದು ಸದ್ದಿಲ್ಲದ ಬಂಡೆ. ಇತ್ತ ಶೋಲೆ ನೆನಪಿನ ಪ್ರವಾಸಿ ಗ್ರಾಮ ಕಟ್ಟುವ ಮಾತು ಆಗಾಗ ಏಳುತ್ತದೆ. ಕಳಚಿ ಐವತ್ತು ವರ್ಷವಾದ ಸೆಟ್ಟಿಗಾಗಿ ಇವತ್ತು ಬದುಕಿರುವ ಗೂಡನ್ನು ಕದಲಿಸುವುದಾದರೆ, ಆ ನೆನಪು ನಮಗೆ ದುಬಾರಿ.

ಭೂವಿಜ್ಞಾನಿಗಳು ಈ ಶಿಲೆಯನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನಿಂದ ಊರಿಗೆ ಕ್ಲೋಸ್‌ಪೇಟೆ ಎಂಬ ಹೆಸರು ಬಂದಿತ್ತು. ಮುಂದೆ ರಾಮನಗರವಾಯಿತು. ತೆರೆಯ ಮೇಲೆ ರಾಮ್‌ಗಢ, ಮಾರಾಬಾರ್ ಆಯಿತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು.

ಆ ಭಾನುವಾರ ಹುಡುಗರು ಇಳಿದುಹೋದ ಮೇಲೆ ನಾವು ಇನ್ನೂ ಸ್ವಲ್ಪ ಹೊತ್ತು ಮೇಲೆ ಕೂತಿದ್ದೆವು. ಎದುರಿನ ಬಂಡೆಯ ಮೈಮೇಲೆ ಬಿಳಿಯ ಪಟ್ಟಿಗಳಿದ್ದವು. ಸುಣ್ಣ ಸುರಿದ ಹಾಗಿದೆ ಎಂದು ಗೆಳತಿ ಅಂದಳು. ಹಕ್ಕಿಯ ಹಿಕ್ಕೆ, ತಲೆಮಾರುಗಟ್ಟಲೆ ಬಿದ್ದು ಕಲೆಯಾಗಿ ನಿಂತದ್ದು. ಆ ಕಲೆಯನ್ನು ನೋಡಿದರೆ ಗೂಡು ಎಲ್ಲಿದೆ ಎಂದು ತಿಳಿಯುತ್ತದೆ. ಹುಡುಗರು ಮೊಬೈಲ್ ಹಿಡಿದು ನಿಂತಿದ್ದದ್ದು ಸರಿಯಾಗಿ ಅದರ ಎದುರಿಗೇ.