ತಲೆಯೆಣಿಕೆಯ ಅಳತೆ

ಧರ್ಮವೊಂದು ಬೆಳೆಯಿತೆಂದು ಹೇಳುವುದು ಯಾವ ಅಳತೆಯಿಂದ? ಕ್ರೈಸ್ತ ಮಿಷನ್ನುಗಳ ಚರಿತ್ರೆಯನ್ನು ಓದುವವರಿಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಅವರ ವರದಿಗಳಲ್ಲಿ ದೀಕ್ಷಾಸ್ನಾನ ಪಡೆದವರೆಷ್ಟು, ಶಾಲೆಗಳೆಷ್ಟು ಎಂಬ ಲೆಕ್ಕವೇ ಮುಂದು. ಇದಕ್ಕೆ ಕಾರಣವೂ ಉಂಟು. ಹಣ ಕೊಡುವವರು ಲಂಡನ್ನಿನಲ್ಲೋ ಬಾಸೆಲಿನಲ್ಲೋ ಇದ್ದರು. ಮನಸ್ಸಿನ ಮಾರ್ಪಾಟನ್ನು ಅಷ್ಟು ದೂರ ಕಳುಹಿಸಲಾಗದು, ಅಂಕಿಯನ್ನು ಕಳುಹಿಸಬಹುದು.

ಹೊಸಪೇಟೆ, ಕಂಪ್ಲಿ, ಸಂಡೂರುಗಳಿಗೆ ನೆರೆಯದಾದ ಬಳ್ಳಾರಿಯನ್ನೇ ನೋಡೋಣ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದರು. ಬೈಬಲನ್ನು ಕನ್ನಡಿಸುವುದರಲ್ಲಿ ಎರಡು ದಶಕ ಕಳೆದರು. ಅವರ ಜೊತೆಗಾರ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಸಭೆ ಸೇರಿದವರು ಮಾತ್ರ ಕೆಲವರೇ. ತೆಲುಗು ಸೀಮೆಯ ಒಂಗೋಲಿನ ಕಥೆ ಇದಕ್ಕೆ ತದ್ವಿರುದ್ಧ. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನ್ನಿನ ಜಾನ್ ಕ್ಲೌ ಅವರ ಕಾರ್ಯಕ್ಷೇತ್ರದಲ್ಲಿ 1878ರ ಜುಲೈ 3ರಂದು, ಒಂದೇ ದಿನ, 2,222 ಮಂದಿಗೆ ದೀಕ್ಷಾಸ್ನಾನವಾಯಿತು. ಅದು 1876–78ರ ಮಹಾ ಬರದ ಬೆನ್ನಿಗೆ ಬಂದ ದಿನ. ಗಂಜಿಗಾಗಿ ಬಂದವರು ಬೇಡವೆಂದು ಪರಿಹಾರ ಹಂಚುವಷ್ಟು ಕಾಲ ಕ್ಲೌ ದೀಕ್ಷಾಸ್ನಾನವನ್ನೇ ತಡೆಹಿಡಿದಿದ್ದರು. ಅಂಕಿಯಿಂದ ಹೆಸರಾದವರಿಗೇ ಅಂಕಿಯಲ್ಲಿ ಪೂರ್ಣ ನಂಬಿಕೆಯಿರಲಿಲ್ಲ!

ಹಾಗೆಂದು ಅಂಕಿಯನ್ನು ಹಳಿದುಬಿಡುವುದೂ ನ್ಯಾಯವಲ್ಲ. ಅಲ್ಲಿ ಬಂದವರು ಬಹುಮಟ್ಟಿಗೆ ಮಾದಿಗರು. ಊರು ಯಾವ ಲೆಕ್ಕಕ್ಕೂ ಹಿಡಿಯದವರ ಹೆಸರನ್ನು ಬರೆದುಕೊಂಡ ಪುಸ್ತಕ ಅದು.

ತೊಡಕಿರುವುದು ಅಂಕಿಯೇ ಗುರಿಯಾದಾಗ. ಮಧ್ಯಪ್ರಾಂತದಲ್ಲಿ ಹುಟ್ಟಿ, ಅಲ್ಲಿಯೇ ದುಡಿದ ಡೊನಾಲ್ಡ್ ಮೆಕ್‌ಗವ್ರನ್ 1955ರಲ್ಲಿಯೂ 1970ರಲ್ಲಿಯೂ ಬರೆದ ಗ್ರಂಥಗಳಿಂದ ಸಭೆಯ ಬೆಳವಣಿಗೆಯನ್ನೇ ಒಂದು ಶಾಸ್ತ್ರವಾಗಿಸಿದರು. ಜಾತಿಯ ಗೆರೆ ದಾಟದೆಯೇ ಕ್ರೈಸ್ತರಾಗಲು ಜನ ಬಯಸುತ್ತಾರೆ. ಸಮುದಾಯ ಸಮುದಾಯವಾಗಿ ಬಂದರೆ ಬೆಳವಣಿಗೆ ಬೇಗ ಎಂಬುದು ಅವರ ವಾದ. ಅನುಭವದ ಮಾತೇ ಸರಿ. ಆದರೆ ಜಾತಿಯನ್ನು ಹಾಗೆಯೇ ಒಳಗೆ ಕರೆತಂದ ಸಭೆ ಬೆಳೆಯಿತೋ, ಬರಿದೆ ಉಬ್ಬಿತೋ?

ಕನ್ನಡ ನಾಡಿಗೆ ಬೇರೆ ಅಳತೆಗಳು ತಿಳಿದಿವೆ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ದೆಸೆಯಿಂದ ಕಲ್ಯಾಣ ಚದುರಿತೆಂದು ಶರಣ ಪರಂಪರೆ ಹೇಳುತ್ತದೆ. ತಲೆಯೆಣಿಕೆಯಲ್ಲಿ ಅದು ಸೋಲು. ಆದರೂ ಅದನ್ನು ಸೋಲೆಂದವರುಂಟೆ? ಹಂಪಿಯಲ್ಲಿ ಹೊಳೆಯ ದಂಡೆಗೆ ಪುರಂದರದಾಸರ ಮಂಟಪವಿದೆ. ದಾಸರಿಗೆ ಶಿಷ್ಯರೆಷ್ಟಿದ್ದರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಹಾಡು ಜನರ ಬಾಯಲ್ಲಿದೆ.

ನಿಘಂಟು, ಅಚ್ಚುಕೂಟಗಳನ್ನು ಹೊಗಳಿ ಮುಗಿಸುವ ನಮ್ಮ ಸಾಹಿತಿಗಳ ಅಳತೆಯೂ ಸಾಲದು. ಅದು ನಮಗೆ ದಕ್ಕಿದ ಲಾಭದ ಲೆಕ್ಕ. ಸಭೆಯನ್ನು ಕೇಳಬೇಕಾದದ್ದು ಎರಡು ಮಾತು. ಈ ಮಣ್ಣಿನ ದನಿಯಲ್ಲಿ ಅದಕ್ಕೆ ತನ್ನದೇ ಹಾಡು ಹುಟ್ಟಿತೆ? ಊಟದ ಪಂಕ್ತಿಯಲ್ಲಿ, ಮಕ್ಕಳ ಮದುವೆಯಲ್ಲಿ ಜಾತಿ ಕಳಚಿತೆ? ಇವಕ್ಕೆ ಉತ್ತರ ವರದಿಯ ಕೊನೆಯ ಮೊತ್ತದಲ್ಲಿ ಸಿಗದು. ಒಂದೊಂದು ಊರಿಗೂ ಹೋಗಿ ನೋಡಬೇಕು.