ಕಥೆಗೆ ‘ಹ್ಞೂಂ’ ಅನ್ನುವವರು

ಗಾಂಧಿನಗರದಲ್ಲಿ ಚಿತ್ರಕಥೆಯನ್ನು ಕೂತು ಓದುವವರು ಕಡಿಮೆ. ಬೌಂಡ್ ಸ್ಕ್ರಿಪ್ಟ್ ಮೇಜಿನ ಮೇಲೆ ಬಿದ್ದಿರುತ್ತದೆ, ನಿರ್ಮಾಪಕರು ‘ಒನ್ ಲೈನ್ ಹೇಳ್ರೀ’ ಅನ್ನುತ್ತಾರೆ. ಹೇಳುವಾಗ ಫೋನು ಬರುತ್ತದೆ, ಕಾಫಿ ಬರುತ್ತದೆ, ಮಧ್ಯೆ ಯಾರೋ ಬಂದು ಚೆಕ್ಕಿಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಮೆಟ್ರಿ, ಕಂಪ್ಲಿ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಹೋದ ಹುಡುಗರಿಗೆ ಇದು ಅವಮಾನವೆನಿಸುವುದುಂಟು. ನನಗೆ ಹಾಗನಿಸುವುದಿಲ್ಲ. ಬಾಯಲ್ಲಿ ಹೇಳಿ ಗೆಲ್ಲುವ ವಿದ್ಯೆಯಲ್ಲಿ ನಮ್ಮ ಸೀಮೆಯವರು ಯಾರಿಗೂ ಕಡಿಮೆಯಿಲ್ಲ.

ದರೋಜಿ ಈರಮ್ಮನವರನ್ನೇ ನೋಡಿ. ಓದು ಬರಹ ಕಲಿಯದ ಬುಡ್ಗಜಂಗಮ ಹೆಣ್ಣುಮಗಳು. ಹಾಡು, ಮಾತು ಬೆರೆಸಿ ಕಥೆ ಹೇಳುವ ಬುರ್ರಕಥೆಯಲ್ಲಿ ಹನ್ನೆರಡು ಕಾವ್ಯಗಳನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ಅವರಿಗೆ ನಾಡೋಜ ಕೊಟ್ಟಿತು, 2014ರಲ್ಲಿ ಅವರು ತೀರಿಕೊಂಡರು. ಕಥೆ ಹೇಳುವಾಗ ಜನ ಎದ್ದು ಹೋಗುವಂತಾದರೆ ಹಾಡು ಹಿಡಿಯಬೇಕು, ಮೈಮರೆತರೆ ಮಾತಿಗೆ ಇಳಿಯಬೇಕು. ಬುರ್ರಕಥೆಯ ಈ ಹದ ನಿರ್ಮಾಪಕರೆದುರು ಕಥೆ ಹೇಳುವ ನರೇಷನ್ನಿಗೂ ಬೇಕಾದದ್ದೇ.

ಕಥೆ ಕಟ್ಟುವ ಜಾಣ್ಮೆಗೂ ನಮ್ಮಲ್ಲೇ ಮಾದರಿಯಿದೆ. ಕುಮಾರರಾಮನ ಕಥೆ ಕಂಪ್ಲಿಯ ಮಣ್ಣಿನದು. ಅವನ ಚೆಂಡು ಚಿಕ್ಕತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ, ತರಲು ಹೋದವನನ್ನು ಅವಳು ಮೋಹಿಸುತ್ತಾಳೆ, ಒಪ್ಪದಿದ್ದಾಗ ಅವನ ಮೇಲೇ ದೂರು ಹೇಳುತ್ತಾಳೆ. ಕಂಪಿಲರಾಯ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ಇಂದಿನ ಹೊಸ ಬರಹಗಾರನ ಕೈಗೆ ಇದು ಸಿಕ್ಕರೆ ಏನು ಮಾಡುತ್ತಾನೆ? ರಾಮ ಬದುಕಿರುವುದನ್ನು ಪ್ರೇಕ್ಷಕನಿಗೂ ಮುಚ್ಚಿಟ್ಟು ಇಂಟರ್ವಲ್ಲಿನ ನಂತರ ‘ಟ್ವಿಸ್ಟ್’ ಕೊಡುತ್ತಾನೆ. ಕಥೆಗಾರರು ಹಾಗೆ ಮಾಡಲಿಲ್ಲ, ಕೇಳುವವರಿಗೆ ಎಲ್ಲವನ್ನೂ ಮೊದಲೇ ಹೇಳಿಬಿಟ್ಟರು. ತಿಳಿಯದಿರುವುದು ರಾಜನಿಗೆ ಮಾತ್ರ. ದಿಲ್ಲಿಯ ದಂಡು ಬಂದು, ರಾಯ ‘ಅಯ್ಯೋ, ಈಗ ರಾಮನಿದ್ದಿದ್ದರೆ’ ಎಂದು ಹಲುಬುವಾಗ ಕೇಳುವವರ ಎದೆ ಹೊಡೆದುಕೊಳ್ಳುವುದು ಅದಕ್ಕೇ. ನಿರ್ದೇಶಕ ಹಿಚ್‌ಕಾಕ್, ಮೇಜಿನ ಕೆಳಗೆ ಬಾಂಬಿರುವುದು ಪಾತ್ರಗಳಿಗೆ ಗೊತ್ತಿಲ್ಲದೆ ಪ್ರೇಕ್ಷಕರಿಗೆ ಮಾತ್ರ ಗೊತ್ತಿರುವ ಉದಾಹರಣೆ ಕೊಟ್ಟು ವಿವರಿಸಿದ್ದೂ ಇದನ್ನೇ. ಎಚ್.ಆರ್. ಭಾರ್ಗವ ಈ ಕಥೆಯನ್ನು ಶಿವರಾಜ್‌ಕುಮಾರ್ ಅವರನ್ನಿಟ್ಟುಕೊಂಡು ಸಿನಿಮಾ ಮಾಡಿದ್ದಾರೆ. ಆದರೂ ಇದರಲ್ಲಿ ಇನ್ನೂ ಎರಡು ಚಿತ್ರಕ್ಕಾಗುವಷ್ಟು ಸರಕಿದೆ. ರತ್ನಾಜಿಯ ಕಡೆಯಿಂದ ಯಾರಾದರೂ ಬರೆಯಲಿ ಎಂಬುದು ನನ್ನ ಬಹುದಿನದ ಆಸೆ.

ಇನ್ನು ಪರಿಚಯದ ಮಾತು. ‘ಸಾರ್, ಇಂಡಸ್ಟ್ರಿಯಲ್ಲಿ ನಮಗ ಯಾರೂ ಇಲ್ರೀ’ ಎಂಬ ಗೋಳು ಈ ಭಾಗದಲ್ಲಿ ದಿನಾ ಕೇಳುತ್ತದೆ. ಇದಕ್ಕೂ ಬುರ್ರಕಥೆಯಲ್ಲೇ ಉತ್ತರವಿದೆ. ಅಲ್ಲಿ ಹೇಳುವವರು ಒಬ್ಬರೇ ಇರುವುದಿಲ್ಲ. ಪಕ್ಕದಲ್ಲಿ ಇಬ್ಬರು ನಿಂತು ವಾದ್ಯ ನುಡಿಸುತ್ತ, ಹ್ಞೂಂಗುಟ್ಟುತ್ತ, ‘ಆಮೇಲೇನಾತು?’ ಎಂದು ಕೇಳುತ್ತ ಕಥೆಯನ್ನು ಮುಂದಕ್ಕೆ ದಬ್ಬುತ್ತಾರೆ. ಹೊಸಬರು ಮೊದಲು ಹಿಡಿಯಬೇಕಾದ ಜಾಗ ಅದು. ಪವನ್ ಕುಮಾರ್ ಯೋಗರಾಜ ಭಟ್ಟರ ‘ಮನಸಾರೆ’ (2009), ‘ಪಂಚರಂಗಿ’ (2010) ಚಿತ್ರಗಳ ಬರವಣಿಗೆಯಲ್ಲಿ ಜೊತೆ ಕೂತರು, ಆಮೇಲೆ ನಿರ್ದೇಶಕರಾದರು. 2013ರ ‘ಲೂಸಿಯಾ’ಕ್ಕೆ ಜನರೇ ದುಡ್ಡು ಹಾಕಿದರು. ‘ತಿಥಿ’ ಚಿತ್ರವನ್ನು ರಾಮ್ ರೆಡ್ಡಿ ಬರೆದದ್ದು ಮಂಡ್ಯ ಸೀಮೆಯ ಈರೇಗೌಡರ ಜೊತೆ, ಅವರದೇ ಊರು ನೊದೆಕೊಪ್ಪಲನ್ನು ಇಟ್ಟುಕೊಂಡು. ಅದು 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಿಂದ ಚಿನ್ನದ ಚಿರತೆ ಪ್ರಶಸ್ತಿ ತಂದಿತು. ನಿರ್ಮಾಪಕರ ಮುಂದೆ ಕೈಮುಗಿದು ತೆಗೆಸಿಕೊಂಡ ಸೆಲ್ಫಿಯಿಂದ ಇಂಥ ನಂಟು ಬೆಳೆಯುವುದಿಲ್ಲ. ಡಿಸ್ಕಷನ್ನಿನಲ್ಲಿ ಬೇರೆಯವರ ಕಥೆಯ ತೂತನ್ನು ಅವರ ಮನಸ್ಸು ಮುರಿಯದಂತೆ ತೋರಿಸಿ, ತೇಪೆಯನ್ನೂ ಸೂಚಿಸಿದವನನ್ನು ಮುಂದಿನ ಚಿತ್ರಕ್ಕೂ ಕರೆಯುತ್ತಾರೆ.

ಕಥೆ ಕದ್ದಾರು ಎಂಬ ಭಯಕ್ಕೂ ಆಧಾರವಿದೆ. ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ: ಬರೀ ವಿಚಾರಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಮೂಡಿಸಿದ ರೀತಿಗೆ ಮಾತ್ರ ಉಂಟು. ಬಾಯಲ್ಲಿ ಹೇಳಿದ ಒನ್ ಲೈನ್ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಆದ್ದರಿಂದ ಬೆಂಗಳೂರಿನ ಬಸ್ಸು ಹತ್ತುವ ಮೊದಲು ದೃಶ್ಯ ದೃಶ್ಯವಾಗಿ, ಮಾತಿನ ಸಮೇತ ಪೂರ್ತಿ ಬರೆದು, ನೋಂದಣಿ ಮಾಡಿಸಿಟ್ಟು ಹೋಗಿ.