ಬುಟ್ಟಿ ಇಳಿಸಿಕೊಂಡವರು

ದೊಡ್ಡಮ್ಮನ ವೈಕುಂಠ ಸಮಾರಾಧನೆಯ ದಿನ ನುಡಿನಮನಕ್ಕೆಂದು ಎರಡು ಪುಟ ಬರೆದುಕೊಂಡು ಹೋಗಿದ್ದೆ. ಸರಳ ಜೀವಿ, ಮಮತಾಮಯಿ, ಅಜಾತಶತ್ರು, ತುಂಬಲಾರದ ನಷ್ಟ. ದನಿ ನಡುಗಿದರೂ ಪೂರ್ತಿ ಓದಿದೆ. ಆಮೇಲೆ, ಆ ಬೀದಿಗೆ ಸೊಪ್ಪು ತರುತ್ತಿದ್ದ ಅಜ್ಜಿ ಬಾಗಿಲ ಬಳಿ ನಿಂತೇ ಹೇಳಿದರು: "ಸೊಪ್ಪು ಬ್ಯಾಡದ ದಿನಾನೂವೆ ಅಕ್ಕಾರು ನನ್ ಬುಟ್ಟಿ ಇಳಿಸ್ಕೊಳ್ಳೋರು. ನೀರು ಕೊಟ್ಟು, ಸುಧಾರಿಸ್ಕೊಂಡ್ ಮ್ಯಾಲೆ ತಿರ್ಗಾ ಎತ್ತಿ ತಲೆ ಮ್ಯಾಲೆ ಮಡಗೋರು." ಅಲ್ಲಿಯವರೆಗೂ ತಡೆದುಕೊಂಡಿದ್ದ ದೊಡ್ಡಪ್ಪ ಆಗ ಅತ್ತರು.

ನನ್ನ ಎರಡು ಪುಟವನ್ನು ಯಾರ ಫೋಟೋದ ಮುಂದೆ ಓದಿದ್ದರೂ ನಡೆಯುತ್ತಿತ್ತು. ನಮ್ಮ ನುಡಿನಮನಗಳ ದೊಡ್ಡ ದೋಷವೇ ಇದು. ದುಃಖದಲ್ಲಿ ಮಾತು ತೋಚದಾಗ ಸಿದ್ಧಪದಗಳು ಕೈಹಿಡಿಯುತ್ತವೆ, ನಿಜ. ಆದರೆ ಹೋದವರ ಮುಖ ಅವುಗಳಲ್ಲಿ ಕಾಣುವುದಿಲ್ಲ.

ಸತ್ತವರ ಬಗ್ಗೆ ಹೇಳುವುದು ಹೇಗೆಂದು ಕನ್ನಡಕ್ಕೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಮದ್ದೂರು ಬಳಿಯ ಆತಕೂರಿನ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949–50. ತಕ್ಕೋಲದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದು ಕೇಳು ಎಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಅದು ದೊಡ್ಡ ಹಂದಿಯೊಂದಿಗೆ ಸೆಣಸಿ ಸತ್ತಿತು. ಅದರ ನೆನಪಿಗೆ ನೆಟ್ಟ ಕಲ್ಲು ಇದು. ಕಲ್ಲಿನಲ್ಲಿ ಅರಸರ ಬಿರುದುಗಳೂ ಸಾಲಾಗಿವೆ, ಓದಿದವರಿಗೆ ಅವು ನೆನಪಿರುವುದಿಲ್ಲ. ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ನಾಯಿಯನ್ನು ಹಂದಿಯ ಮೇಲೆ ಬಿಟ್ಟದ್ದು ಮಾತ್ರ ಮರೆಯುವುದಿಲ್ಲ. ಯಾವ ಊರು, ಯಾವ ದಿಕ್ಕು, ಏನಾಯಿತು: ಅಷ್ಟನ್ನೂ ಕೆತ್ತಿದ್ದಾರೆ. ಕಾಳಿ ಗೆದ್ದಿತೆಂದು ಹಿಗ್ಗಿಸಿಲ್ಲ. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವೆಂದಿದ್ದಾರೆ. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ನಾವು ಅಳುಕುವುದು ಇಲ್ಲೇ. ದೊಡ್ಡಮ್ಮನಿಗೆ ಸಿಡುಕಿತ್ತು. ಊಟಕ್ಕೆ ತಡವಾಗಿ ಬಂದವರನ್ನು ಬೈಯದೆ ಬಡಿಸಿದವರಲ್ಲ. ನಾನು ಅದನ್ನು ಬಿಟ್ಟು "ಅಜಾತಶತ್ರು" ಎಂದು ಬರೆದೆ. ಬೈಸಿಕೊಂಡು ಉಂಡವರೆಲ್ಲ ಎದುರಿಗೇ ಕೂತಿದ್ದರು. ಹೋದವರ ಬಗ್ಗೆ ಕೆಟ್ಟದ್ದು ಆಡಬಾರದೆಂಬುದು ಒಳ್ಳೆಯ ಸಂಸ್ಕಾರವೇ. ಆದರೆ ಸಿಡುಕು ಕೆಟ್ಟದ್ದಲ್ಲ, ಅದು ಅವರ ದನಿ.

ನೋಡಿಕೊಂಡು ಓದುವುದೋ, ಹಾಗೇ ಹೇಳುವುದೋ ಎಂಬುದು ಸಣ್ಣ ವಿಷಯ. ಗಂಟಲು ಕಟ್ಟಿದರೆ ನಿಲ್ಲಬಹುದು, ಜನ ಕಾಯುತ್ತಾರೆ. ಉದ್ದವೂ ಬೇಕಿಲ್ಲ, ಆ ಅಜ್ಜಿಯ ಮಾತು ಅರ್ಧ ನಿಮಿಷವೂ ಇರಲಿಲ್ಲ.

ಬರುವ ತಿಂಗಳು ವರ್ಷಾಂತಿಕ. ಮತ್ತೆ ಬರೆಯಲು ಕೂತಿದ್ದೇನೆ. ಮೊದಲ ಸಾಲಿನಲ್ಲಿ ಬುಟ್ಟಿ ಇದೆ, ಎರಡನೆಯದರಲ್ಲಿ ಬೈಗುಳ.